ಎಚ್‌ಎಂಎಸ್ ಪೆಟಾರ್ಡ್: ಮೂರು ಶತ್ರು ದೇಶಗಳ ಸಬ್‌ಮರೀನ್ ಮುಳುಗಿಸಿದ ಡಿಸ್ಟ್ರಾಯರ್ ಬಗ್ಗೆ ಮಾತಾಡೋಣ

ಹಳೇನಕ್ಷೆ

ಎರಡನೇ ಮಹಾಯುದ್ಧದ ಹಡಗು ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ಬಿಸ್ಮಾರ್ಕ್, ಹುಡ್, ಯಾಮಾಟೊ ಬಗ್ಗೆ ಬರೆಯುತ್ತಾರೆ. ಡಿಸ್ಟ್ರಾಯರ್‌ಗಳನ್ನು ಕೇಳುವವರೇ ಇಲ್ಲ. ಆದರೆ ದಿನಾ ಕಡಲಲ್ಲಿ ಇದ್ದದ್ದು, ಕಾನ್ವಾಯ್, ಅಂದರೆ ಗುಂಪಾಗಿ ಸಾಗುವ ಹಡಗುಗಳನ್ನು ಕಾದದ್ದು, ಮುಳುಗಿದ ಹಡಗಿನ ಜನರನ್ನು ಎತ್ತಿಕೊಂಡದ್ದು ಈ ಸಣ್ಣ ಹಡಗುಗಳೇ. ಅದಕ್ಕೇ ಒಂದು ಡಿಸ್ಟ್ರಾಯರ್ ಹಿಡಿದು ಪೂರ್ತಿ ಮಾತಾಡೋಣ ಅಂತ ಈ ಎಳೆ ಶುರು ಮಾಡುತ್ತಿದ್ದೇನೆ.

ಹಡಗಿನ ಹೆಸರು ಎಚ್‌ಎಂಎಸ್ ಪೆಟಾರ್ಡ್. ಪಿ-ಕ್ಲಾಸ್ ಡಿಸ್ಟ್ರಾಯರ್. ನ್ಯೂಕಾಸಲ್ ಹತ್ತಿರದ ವಾಕರ್‌ನಲ್ಲಿರುವ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಹಡಗುಕಟ್ಟೆಯಲ್ಲಿ ಕಟ್ಟಿದ್ದು. 1941ರ ಮಾರ್ಚ್‌ನಲ್ಲಿ ನೀರಿಗಿಳಿಯಿತು, 1942ರ ಜೂನ್‌ನಲ್ಲಿ ಸೇವೆಗೆ ಬಂತು. ತೂಕ ಸುಮಾರು 1,500 ಟನ್. ಮುಖ್ಯ ಫಿರಂಗಿಗಳು 4 ಇಂಚಿನವು, ಆ ಕಾಲದ ಲೆಕ್ಕಕ್ಕೂ ಸಣ್ಣವು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜರ್ಮನಿ, ಇಟಲಿ, ಜಪಾನ್, ಮೂರೂ ದೇಶಗಳ ಒಂದೊಂದು ಸಬ್‌ಮರೀನ್ ಮುಳುಗಿಸಿದ ಹಡಗು ಅಂತ ಇದಕ್ಕೆ ಹೆಸರು. 1942ರ ಅಕ್ಟೋಬರ್‌ನಲ್ಲಿ ಯು-559, ಅದೇ ಡಿಸೆಂಬರ್‌ನಲ್ಲಿ ಇಟಲಿಯ ಉವಾರ್ಶೆಕ್, 1944ರ ಫೆಬ್ರವರಿಯಲ್ಲಿ ಜಪಾನಿನ ಐ-27.

ಮೊದಲು ಯು-559. ಅಕ್ಟೋಬರ್ 30. ಈಜಿಪ್ಟಿನ ಪೋರ್ಟ್ ಸೈದ್‌ನಿಂದ ಉತ್ತರಕ್ಕೆ, ಮೆಡಿಟರೇನಿಯನ್ ಕಡಲಲ್ಲಿ, ವಿಮಾನವೊಂದು ಸಬ್‌ಮರೀನ್ ಇರುವುದನ್ನು ಪತ್ತೆ ಮಾಡಿತು. ಪೆಟಾರ್ಡ್ ಜೊತೆ ಪಾಕೆನ್‌ಹ್ಯಾಮ್, ಹೀರೋ, ಡಲ್ವರ್‌ಟನ್, ಹರ್ವರ್ತ್ ಎಂಬ ನಾಲ್ಕು ಡಿಸ್ಟ್ರಾಯರ್‌ಗಳು ಬೆನ್ನಟ್ಟಿದವು. ಗಂಟೆಗಟ್ಟಲೆ ಡೆಪ್ತ್ ಚಾರ್ಜ್, ಅಂದರೆ ನೀರಿನಾಳದಲ್ಲಿ ಸಿಡಿಯುವ ಬಾಂಬು ಹಾಕಿದರು. ರಾತ್ರಿ ಹತ್ತೂವರೆ ದಾಟಿದ ಮೇಲೆ ಸಬ್‌ಮರೀನ್ ಮೇಲೆ ಬಂತು. ಒಳಗಿದ್ದ ಜರ್ಮನ್ನರು ನೀರಿಗೆ ಹಾರಿದರು. ಹಡಗು ಮುಳುಗಲಿ ಅಂತ ಒಳಗೆ ನೀರು ಬಿಟ್ಟಿದ್ದರು, ಆದರೆ ಅದು ಕೂಡಲೇ ಮುಳುಗಲಿಲ್ಲ.

ಪೆಟಾರ್ಡ್‌ನ ಕ್ಯಾಪ್ಟನ್ ಮಾರ್ಕ್ ಥಾರ್ನ್‌ಟನ್. ಮುಳುಗಿಸುವುದಷ್ಟೇ ಅಲ್ಲ, ಒಂದು ಸಬ್‌ಮರೀನ್ ಒಳಗೆ ಹೊಕ್ಕು ಅದರ ಗುಟ್ಟು ತೆಗೆಯಬೇಕು ಎಂಬ ಹಟ ಅವರದ್ದು. ಆ ರಾತ್ರಿ ಮೂರು ಜನ ಅದರೊಳಗೆ ಇಳಿದರು. ಹಡಗಿನ ಎರಡನೇ ಅಧಿಕಾರಿ ಲೆಫ್ಟಿನೆಂಟ್ ಟೋನಿ ಫ್ಯಾಸನ್, ನಾವಿಕ ಕಾಲಿನ್ ಗ್ರೇಜಿಯರ್, ಕ್ಯಾಂಟೀನ್ ಹುಡುಗ ಟಾಮಿ ಬ್ರೌನ್. ಒಳಗೆ ಕತ್ತಲು, ತೂತುಗಳಿಂದ ನೀರು ನುಗ್ಗುತ್ತಿದೆ. ಫ್ಯಾಸನ್ ಮತ್ತು ಗ್ರೇಜಿಯರ್ ಕಪಾಟು ಒಡೆದು ಪುಸ್ತಕ, ಕಾಗದ ತೆಗೆದು ಕೊಡುತ್ತಿದ್ದರು. ಬ್ರೌನ್ ಏಣಿ ಹತ್ತಿ ಇಳಿದು ಅವನ್ನು ಮೇಲೆ ಸಾಗಿಸುತ್ತಿದ್ದ. ಅವನು ಮೇಲಿಂದ ಬನ್ನಿ ಬನ್ನಿ ಅಂತ ಕೂಗಿದ. ಅವರಿಬ್ಬರೂ ಏಣಿ ಹತ್ತಲು ಶುರು ಮಾಡುವಷ್ಟರಲ್ಲಿ ಸಬ್‌ಮರೀನ್ ಒಮ್ಮೆಲೇ ಮುಳುಗಿತು. ಬ್ರೌನ್ ಹಾರಿ ಉಳಿದ. ಉಳಿದಿಬ್ಬರು ಹೊರಗೆ ಬರಲೇ ಇಲ್ಲ. ಫ್ಯಾಸನ್‌ಗೆ 29 ವರ್ಷ, ಗ್ರೇಜಿಯರ್‌ಗೆ 22.

ಟಾಮಿ ಬ್ರೌನ್‌ಗೆ 16. ವಯಸ್ಸು ಸುಳ್ಳು ಹೇಳಿ ಸೇರಿದ್ದ.

ಸಂಪಿಗೆ

ಓದಿ ಮೈ ಜುಂ ಅಂತು. ಇಲ್ಲಿಂದ ಎನಿಗ್ಮಾ, ಅಂದರೆ ಜರ್ಮನ್ನರು ಗುಪ್ತ ಸಂದೇಶ ಬರೆಯುತ್ತಿದ್ದ ಮೆಷಿನ್ ಸಿಕ್ಕಿತು ಅಂತ ಎಲ್ಲೋ ಓದಿದ ನೆನಪು. ಹೌದಾ ಸರ್? ಒಂದು ಹಾಲಿವುಡ್ ಸಿನಿಮಾದಲ್ಲಿ ಅಮೆರಿಕದವರೇ ಇದನ್ನೆಲ್ಲ ಮಾಡಿದ ಹಾಗೆ ತೋರಿಸಿದ್ದಾರೆ.

ಹಳೇನಕ್ಷೆ

ಮೆಷಿನ್ ಸಿಗಲಿಲ್ಲ ಮೇಡಂ. ಸಿಕ್ಕಿದ್ದು ಪುಸ್ತಕಗಳು. ಆವತ್ತಿನ ಮಟ್ಟಿಗೆ ಬೇಕಾಗಿದ್ದದ್ದೂ ಅವೇ. ಆ ಸಿನಿಮಾ ಬಂದಾಗ ಬ್ರಿಟನ್ನಿನಲ್ಲಿ ಪಾರ್ಲಿಮೆಂಟಿನವರೆಗೂ ಸಿಟ್ಟು ಹೋಗಿತ್ತು. ಅದು ನ್ಯಾಯವಾದ ಸಿಟ್ಟೇ. ಇಬ್ಬರು ಜೀವ ಕೊಟ್ಟು ಮಾಡಿದ ಕೆಲಸವನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದು ಸರಿಯಲ್ಲ.

ಪುಸ್ತಕಗಳಿಂದ ಏನು ಉಪಯೋಗ ಆಯ್ತು ಅನ್ನುವುದನ್ನು ನಮ್ಮ ಲೆಕ್ಕದ ಮೇಷ್ಟ್ರು ಹೇಳಿದರೆ ಚೆಂದ.

ಲೆಕ್ಕದಮೇಷ್ಟ್ರು

ಹೇಳುತ್ತೇನೆ. ಸ್ವಲ್ಪ ನಿಧಾನಕ್ಕೆ ಓದಿ.

1942ರ ಫೆಬ್ರವರಿ 1ರಿಂದ ಅಟ್ಲಾಂಟಿಕ್‌ನ ಜರ್ಮನ್ ಸಬ್‌ಮರೀನ್‌ಗಳು ನಾಲ್ಕು ಚಕ್ರದ ಎನಿಗ್ಮಾ ಬಳಸತೊಡಗಿದವು. ಅದಕ್ಕೂ ಮುಂಚೆ ಮೂರೇ ಚಕ್ರ. ಬ್ರಿಟನ್ನಿನ ಸಂಕೇತ ಒಡೆಯುವ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ನವರು ಈ ಹೊಸ ಜಾಲಕ್ಕೆ 'ಶಾರ್ಕ್' ಅಂತ ಹೆಸರಿಟ್ಟಿದ್ದರು. ಒಂದು ಚಕ್ರ ಜಾಸ್ತಿ ಆದರೆ ನೋಡಬೇಕಾದ ಸಾಧ್ಯತೆ 26 ಪಟ್ಟು ಹೆಚ್ಚುತ್ತದೆ. ಅವರ ಹತ್ತಿರ ಇದ್ದ, ಸಂಕೇತ ಒಡೆಯುವ ಬಾಂಬ್ ಎಂಬ ಯಂತ್ರಗಳು ಮೂರು ಚಕ್ರಕ್ಕೆ ಮಾಡಿದವು. ಹತ್ತು ತಿಂಗಳು ಏನೂ ಕಾಣಲಿಲ್ಲ. ಅದೇ ಅವಧಿಯಲ್ಲಿ ಹಡಗುಗಳು ಸಾಲುಸಾಲಾಗಿ ಮುಳುಗಿದವು. 1942ರ ನವೆಂಬರ್ ಒಂದೇ ತಿಂಗಳಲ್ಲಿ 7 ಲಕ್ಷ ಟನ್ನಿಗೂ ಜಾಸ್ತಿ ಹಡಗು ಹೋಯಿತು.

ಪೆಟಾರ್ಡ್ ತಂದ ಪುಸ್ತಕಗಳಲ್ಲಿ ಮುಖ್ಯವಾದದ್ದು ಹವಾಮಾನ ವರದಿಯ ಸಂಕೇತ ಪುಸ್ತಕ, ಅದರ ಎರಡನೇ ಆವೃತ್ತಿ. ಇನ್ನೊಂದು ಚುಟುಕು ಸಂದೇಶಗಳ ಪುಸ್ತಕ. ಸಬ್‌ಮರೀನ್‌ನವರು ಗಾಳಿ, ಒತ್ತಡ, ಉಷ್ಣಾಂಶ ಎಲ್ಲವನ್ನೂ ಕೆಲವೇ ಅಕ್ಷರಕ್ಕೆ ಇಳಿಸಿ, ಎನಿಗ್ಮಾದಲ್ಲಿ ಹಾಕಿ ಕಳಿಸುತ್ತಿದ್ದರು. ದಡದ ಕೇಂದ್ರ ಅದೇ ಮಾಹಿತಿಯನ್ನು ಮತ್ತೆ ಬೇರೊಂದು ಹವಾಮಾನ ಸಂಕೇತದಲ್ಲಿ ಪ್ರಸಾರ ಮಾಡುತ್ತಿತ್ತು. ಆ ಎರಡನೆಯದನ್ನು ಬ್ರಿಟಿಷರು ಓದಬಲ್ಲವರಾಗಿದ್ದರು. ಅಂದರೆ ಒಳಗಿನ ವಿಷಯ ಮೊದಲೇ ಗೊತ್ತು. ಪುಸ್ತಕ ಕೈಯಲ್ಲಿದ್ದರೆ ಆ ವಿಷಯ ಯಾವ ಅಕ್ಷರಗಳಾಗಿ ಎನಿಗ್ಮಾಗೆ ಹೋಯಿತು ಅನ್ನುವುದೂ ಗೊತ್ತು. ಬೀಗ ತೆಗೆಯಲು ಅಷ್ಟು ಸುಳಿವು ಸಾಕು.

ಇನ್ನೊಂದು ಅದೃಷ್ಟವೂ ಇತ್ತು. ಹವಾಮಾನ ವರದಿ ಕಳಿಸುವಾಗ ಜರ್ಮನ್ನರು ನಾಲ್ಕನೇ ಚಕ್ರವನ್ನು ತಟಸ್ಥ ಜಾಗದಲ್ಲಿ ಇಡುತ್ತಿದ್ದರು. ಆಗ ಯಂತ್ರ ಮೂರು ಚಕ್ರದ ಹಳೆಯದರ ಹಾಗೇ ಕೆಲಸ ಮಾಡುತ್ತದೆ. ಮೂರು ಚಕ್ರದ ಕೀಲಿ ಸಿಕ್ಕ ಮೇಲೆ ಬೇರೆ ಸಂದೇಶಗಳಿಗೆ ನಾಲ್ಕನೆಯದರ 26 ಜಾಗ ಪರೀಕ್ಷಿಸಿದರೆ ಮುಗಿಯಿತು.

ಪುಸ್ತಕಗಳು ಬ್ಲೆಚ್ಲಿ ತಲುಪಿದ್ದು ನವೆಂಬರ್ 24ಕ್ಕೆ. ಡಿಸೆಂಬರ್ 13ಕ್ಕೆ ಶಾರ್ಕ್ ಒಡೆಯಿತು. ಎಲ್ಲರೂ ಇಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಹೆಸರು ಹೇಳುತ್ತಾರೆ. ಟ್ಯೂರಿಂಗ್ ಆ ಹೊತ್ತಿಗೆ ಅಮೆರಿಕದಲ್ಲಿದ್ದರು. ದಾರಿ ಹಾಕಿಕೊಟ್ಟದ್ದು ಅವರೇ, ಆದರೆ ಆ ದಿನದ ಕೆಲಸ ಬ್ಲೆಚ್ಲಿಯಲ್ಲಿ ಜರ್ಮನ್ ನೌಕಾ ಸಂಕೇತ ನೋಡುತ್ತಿದ್ದ ಹಟ್ 8 ವಿಭಾಗದ ಉಳಿದವರದ್ದು.

ಹಳೇಹಡಗು

ಮೇಷ್ಟ್ರೇ, ಚೆನ್ನಾಗಿ ಬಿಡಿಸಿ ಹೇಳಿದಿರಿ. ಒಂದು ಮಾತು ಸೇರಿಸುತ್ತೇನೆ. ಆ ಜರ್ಮನ್ ಪುಸ್ತಕಗಳ ಶಾಯಿ ನೀರು ತಾಗಿದರೆ ಕರಗುವಂಥದ್ದು. ಬೇಕಂತಲೇ ಹಾಗೆ ಅಚ್ಚು ಹಾಕುತ್ತಿದ್ದರು. ನೀರು ತುಂಬುತ್ತಿದ್ದ ಸಬ್‌ಮರೀನ್‌ನಿಂದ ಅವನ್ನು ಆದಷ್ಟು ಒಣಗಿದ ಹಾಗೇ ಮೇಲೆ ತರಬೇಕಿತ್ತು. ಆ ಹುಡುಗ ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದು ಕೈಯಲ್ಲಿ ಪುಸ್ತಕ ನೀರಿಗೆ ತಾಗದಂತೆ ಹಿಡಿದು ಹತ್ತಿರಬೇಕು. ನಾನು ಮರ್ಚೆಂಟ್ ನೇವಿಯಲ್ಲಿ ಇದ್ದವನು. ಹಡಗು ಸುಮ್ಮನೆ ತೂಗಾಡುವಾಗಲೇ ಏಣಿ ಹತ್ತುವುದು ಎಷ್ಟು ಕಷ್ಟ ಅಂತ ಗೊತ್ತು.

ಬೆನ್ನಟ್ಟುವುದಕ್ಕೆ ಅಷ್ಟು ಹೊತ್ತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಡಿಸ್ಟ್ರಾಯರ್ ಸಬ್‌ಮರೀನ್ ಹುಡುಕುತ್ತಿದ್ದದ್ದು ಆಸ್ಡಿಕ್‌ನಿಂದ. ನೀರಿನೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಕೇಳುವುದು, ಈಗ ಸೋನಾರ್ ಅಂತೀವಿ. ತೊಂದರೆ ಏನಂದರೆ, ಹಡಗು ಸಬ್‌ಮರೀನ್‌ನ ಮೇಲೇ ಬಂದಾಗ ಆ ಶಬ್ದ ಅದಕ್ಕೆ ತಾಗುವುದೇ ಇಲ್ಲ. ಡೆಪ್ತ್ ಚಾರ್ಜ್ ಬಿಡುವುದು ಹಿಂಭಾಗದಿಂದ. ಅದು ಆಳಕ್ಕೆ ಇಳಿಯಲು ಸಮಯ ಬೇಕು. ಅಷ್ಟರಲ್ಲಿ ಕೆಳಗಿನವನು ತಿರುಗಿ ಬೇರೆ ಕಡೆ ಹೋಗಿರುತ್ತಾನೆ. ಅದರ ಮೇಲೆ ಬಿಸಿ ನೀರು, ತಣ್ಣನೆ ನೀರಿನ ಪದರಗಳು ಶಬ್ದವನ್ನು ಬಗ್ಗಿಸಿಬಿಡುತ್ತವೆ. ಹಾಗಾಗಿ ಇದು ಸಹನೆಯ ಆಟ. ಕೆಳಗಿನವನ ಗಾಳಿ, ಬ್ಯಾಟರಿ ಮುಗಿಯುವ ತನಕ ಬಿಡದೆ ಕಾಯಬೇಕು.

ಕರಾವಳಿಕಣ್ಣು

ಒಂದು ಪ್ರಶ್ನೆ. ಎನಿಗ್ಮಾ ಒಡೆದದ್ದರಿಂದಲೇ ಅಟ್ಲಾಂಟಿಕ್ ಗೆದ್ದರು ಅನ್ನುವುದು ಸ್ವಲ್ಪ ಜಾಸ್ತಿ ಆಗುವುದಿಲ್ಲವೇ? 1943ರ ಮಾರ್ಚ್‌ನಲ್ಲಿ ಶಾರ್ಕ್ ಓದುತ್ತಿದ್ದರೂ ಕಾನ್ವಾಯ್‌ಗಳಿಗೆ ಭಾರೀ ಏಟು ಬಿತ್ತು.

ಲೆಕ್ಕದಮೇಷ್ಟ್ರು

ಒಪ್ಪುತ್ತೇನೆ. ಮಾರ್ಚ್‌ನಲ್ಲಿ ಜರ್ಮನ್ನರು ಹವಾಮಾನ ಪುಸ್ತಕದ ಆವೃತ್ತಿ ಬದಲಿಸಿದರು. ಆಗ ಕೆಲವು ದಿನ ಬ್ಲೆಚ್ಲಿಗೆ ಕಣ್ಣು ಕಟ್ಟಿತು. ಮತ್ತೆ ದಾರಿ ಸಿಕ್ಕಿದ್ದು ಪೆಟಾರ್ಡ್ ತಂದ ಇನ್ನೊಂದು ಪುಸ್ತಕದಿಂದ, ಆ ಚುಟುಕು ಸಂದೇಶಗಳದ್ದು. ಮೇ ತಿಂಗಳಲ್ಲಿ 41 ಸಬ್‌ಮರೀನ್ ಕಳೆದುಕೊಂಡು ಜರ್ಮನ್ನರು ಅಟ್ಲಾಂಟಿಕ್‌ನಿಂದ ಹಿಂದೆ ಸರಿದರು. ಅದಕ್ಕೆ ರೇಡಾರ್ ಬೇಕಿತ್ತು, ದೂರ ಹಾರುವ ವಿಮಾನ ಬೇಕಿತ್ತು, ಸಣ್ಣ ವಿಮಾನವಾಹಕಗಳು ಬೇಕಿತ್ತು. ಸಂಕೇತ ಒಂದೇ ಗೆಲ್ಲಿಸಲಿಲ್ಲ. ಆದರೆ ಅದಿಲ್ಲದೆ ಗೆಲ್ಲಲು ಇನ್ನೂ ಎಷ್ಟು ಜನ ಸಾಯಬೇಕಿತ್ತು ಅನ್ನುವುದನ್ನು ಯೋಚಿಸಿ.

ಸಂಪಿಗೆ

ಟಾಮಿ ಬ್ರೌನ್ ಏನಾದ? ಅವನ ಬಗ್ಗೆಯೇ ಯೋಚನೆ ಬರುತ್ತಿದೆ.

ಹಳೇನಕ್ಷೆ

ಹೇಳಲು ಮನಸ್ಸು ಬರುವುದಿಲ್ಲ, ಆದರೂ ಹೇಳಬೇಕು. ಪದಕಕ್ಕೆ ಹೆಸರು ಕಳಿಸುವಾಗ ಅವನ ನಿಜವಾದ ವಯಸ್ಸು ಹೊರಬಂತು. ಮನೆಗೆ ಕಳಿಸಿದರು. ಆಮೇಲೆ ಮತ್ತೆ ಕಡಲಿಗೆ ಹೋದ, ಎಚ್‌ಎಂಎಸ್ ಬೆಲ್‌ಫಾಸ್ಟ್‌ನಲ್ಲಿ ಕೆಲಸ ಮಾಡಿದ. 1945ರ ಫೆಬ್ರವರಿಯಲ್ಲಿ ನಾರ್ತ್ ಶೀಲ್ಡ್ಸ್‌ನ ಮನೆಗೆ ಬೆಂಕಿ ಬಿತ್ತು. ಪುಟ್ಟ ತಂಗಿಯನ್ನು ಉಳಿಸಲು ಹೋಗಿ ಅವನೂ ಹೋದ.

ಫ್ಯಾಸನ್, ಗ್ರೇಜಿಯರ್ ಇಬ್ಬರಿಗೂ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟರು. ಬ್ರೌನ್‌ಗೆ ಜಾರ್ಜ್ ಮೆಡಲ್. ವಿಕ್ಟೋರಿಯಾ ಕ್ರಾಸ್ ಯಾಕಿಲ್ಲ ಅಂತ ಕೇಳುವವರಿದ್ದಾರೆ. ಅದು ಶತ್ರುವಿನ ಎದುರಿನಲ್ಲಿ ತೋರಿಸಿದ ಧೈರ್ಯಕ್ಕೆ. ಇವರು ಇಳಿದಾಗ ಒಳಗೆ ಶತ್ರು ಇರಲಿಲ್ಲ, ನೀರಷ್ಟೇ ಇತ್ತು. ನಿಯಮದ ಪ್ರಕಾರ ಅದು ಸರಿ. ಆದರೆ ನನ್ನ ಮನಸ್ಸಿಗೆ ನೋಯುವುದು ಬೇರೆ ವಿಷಯ. ಸಂಕೇತ ಒಡೆದ ಗುಟ್ಟು 1970ರ ದಶಕದವರೆಗೆ ಹೊರಬರಲಿಲ್ಲ. ಅಲ್ಲಿಯ ತನಕ ಇವರ ಮನೆಯವರಿಗೆ ಮಕ್ಕಳು ಯಾವುದಕ್ಕಾಗಿ ಸತ್ತರು ಅನ್ನುವುದೇ ಸರಿಯಾಗಿ ತಿಳಿದಿರಲಿಲ್ಲ. ಮೂವತ್ತು ವರ್ಷ!

ಬರ್ಮಿಂಗ್‌ಹ್ಯಾಮ್‌ಕನ್ನಡಿಗ

ಗ್ರೇಜಿಯರ್ ಊರು ಟ್ಯಾಮ್‌ವರ್ತ್, ನಾನಿರುವ ಜಾಗದಿಂದ ರೈಲಿನಲ್ಲಿ ಹತ್ತಿರ. ಅಲ್ಲಿ ಸೇಂಟ್ ಎಡಿತಾ ಚೌಕದಲ್ಲಿ 2002ರಲ್ಲಿ ಒಂದು ಸ್ಮಾರಕ ನಿಲ್ಲಿಸಿದ್ದಾರೆ. ಮೂರು ಲಂಗರುಗಳು, ಆ ಮೂವರ ಲೆಕ್ಕದಲ್ಲಿ. ಊರಿನ ಜನರೇ ಒತ್ತಾಯ ಮಾಡಿ, ದುಡ್ಡು ಕೂಡಿಸಿ ಮಾಡಿಸಿದ್ದು. ಈ ಕಡೆ ಬಂದವರು ಬ್ಲೆಚ್ಲಿ ಪಾರ್ಕ್ ನೋಡಿದ ಮೇಲೆ ಟ್ಯಾಮ್‌ವರ್ತ್‌ಗೂ ದಯವಿಟ್ಟು ಹೋಗಿ ಬನ್ನಿ.

ಕರಾವಳಿಕಣ್ಣು

ಇದೆಲ್ಲ ಸರಿ. ಆದರೆ ಹಳೇನಕ್ಷೆಯವರೇ, ಪೂರ್ತಿ ಕಥೆ ಅಂದಿರಲ್ಲ, ಮೂರನೇ ಸಬ್‌ಮರೀನ್ ಬಗ್ಗೆಯೂ ಬರೆಯಲೇಬೇಕು. ಅದು ನಮ್ಮ ಕಡಲ ಕಡೆ ನಡೆದದ್ದು. ಖೆಡಿವ್ ಇಸ್ಮಾಯಿಲ್ ಎಂಬ ಹಡಗಿನ ಹೆಸರು ಇಲ್ಲಿ ಎಷ್ಟು ಜನ ಕೇಳಿದ್ದೀರಿ?

ಹಳೇನಕ್ಷೆ

ಬರೆಯುತ್ತೇನೆ. ನಡುವಿನದ್ದನ್ನು ಎರಡು ಸಾಲಲ್ಲಿ ಮುಗಿಸುತ್ತೇನೆ. 1942ರ ಡಿಸೆಂಬರ್ 15ರಂದು ಮಾಲ್ಟಾದ ದಕ್ಷಿಣಕ್ಕೆ ಗ್ರೀಕ್ ಡಿಸ್ಟ್ರಾಯರ್ ವಸಿಲಿಸ್ಸಾ ಓಲ್ಗಾ ಜೊತೆ ಸೇರಿ ಉವಾರ್ಶೆಕ್ ಅನ್ನು ಹಿಡಿದರು, ಎಳೆದುಕೊಂಡು ಹೋಗುವಾಗ ಅದು ಮುಳುಗಿತು. 1943ರಲ್ಲಿ ಸಿಸಿಲಿ, ಆಮೇಲೆ ಲೆರೋಸ್ ದ್ವೀಪದ ಸುತ್ತಲಿನ ಕೆಟ್ಟ ಹೋರಾಟ. ಆ ದಿನಗಳಲ್ಲಿ ಅದೇ ಕ್ಲಾಸಿನ ಪ್ಯಾಂಥರ್ ಜರ್ಮನ್ ವಿಮಾನಗಳ ಬಾಂಬಿಗೆ ಹೋಯಿತು. ಪೆಟಾರ್ಡ್ ಉಳಿದು ಹಿಂದೂ ಮಹಾಸಾಗರಕ್ಕೆ ಬಂತು.

1944ರ ಫೆಬ್ರವರಿ. ಮೊಂಬಾಸಾದಿಂದ ಕೊಲಂಬೊಗೆ ಕೆಆರ್-8 ಎಂಬ ಕಾನ್ವಾಯ್. ಐದು ಹಡಗುಗಳಲ್ಲಿ ಸೈನಿಕರು. ಕಾವಲಿಗೆ ಹಳೆಯ ಕ್ರೂಸರ್ ಹಾಕಿನ್ಸ್, ಜೊತೆಗೆ ಪೆಟಾರ್ಡ್ ಮತ್ತು ಪಲಾಡಿನ್ ಎಂಬ ಇನ್ನೊಂದು ಡಿಸ್ಟ್ರಾಯರ್. ಆ ಐದರಲ್ಲಿ ಒಂದಾದ ಖೆಡಿವ್ ಇಸ್ಮಾಯಿಲ್‌ನಲ್ಲಿ ಸುಮಾರು 1,500 ಜನ. ಬಹುಪಾಲು ಪೂರ್ವ ಆಫ್ರಿಕಾದ 301ನೇ ಫೀಲ್ಡ್ ರೆಜಿಮೆಂಟಿನ ಫಿರಂಗಿ ಸೈನಿಕರು. ಐವತ್ತಕ್ಕೂ ಜಾಸ್ತಿ ನರ್ಸ್‌ಗಳು, ನೌಕಾಪಡೆಯ ಮಹಿಳಾ ವಿಭಾಗದ 19 ಹೆಣ್ಣುಮಕ್ಕಳು.

ಫೆಬ್ರವರಿ 12, ಶನಿವಾರ, ಮಧ್ಯಾಹ್ನ ಎರಡೂವರೆ. ಮಾಲ್ಡೀವ್ಸ್‌ನ ಒನ್ ಅಂಡ್ ಹಾಫ್ ಡಿಗ್ರಿ ಚಾನೆಲ್ ಹತ್ತಿರ. ಜಪಾನಿನ ಐ-27 ಎರಡು ಟಾರ್ಪೆಡೊ ಹೊಡೆಯಿತು. ಎರಡೇ ನಿಮಿಷದ ಆಸುಪಾಸಿನಲ್ಲಿ ಹಡಗು ಮುಳುಗಿತು. ಕೆಳಗಿನ ಅಂತಸ್ತಿನಲ್ಲಿದ್ದವರಿಗೆ ಮೇಲೆ ಬರಲು ಸಮಯವೇ ಇರಲಿಲ್ಲ. ಸತ್ತವರು ಸುಮಾರು 1,300. ಅವರಲ್ಲಿ 77 ಹೆಣ್ಣುಮಕ್ಕಳು. ಹಡಗಿನಲ್ಲಿದ್ದ ಹೆಂಗಸರಲ್ಲಿ ಬದುಕಿದವರು ಆರೇ ಜನ.

ಉಳಿದ ನಾಲ್ಕು ಹಡಗು ಹಾಕಿನ್ಸ್ ಜೊತೆ ದೂರ ಸರಿದವು. ಪಲಾಡಿನ್ ದೋಣಿ ಇಳಿಸಿ ನೀರಲ್ಲಿದ್ದವರನ್ನು ಎತ್ತಲು ಶುರು ಮಾಡಿತು. ಪೆಟಾರ್ಡ್ ಸಬ್‌ಮರೀನ್ ಹುಡುಕತೊಡಗಿತು. ಆಗ ಕ್ಯಾಪ್ಟನ್ ರೂಪರ್ಟ್ ಈಗನ್. ಐ-27 ಅಡಗಿದ್ದು ನೀರಲ್ಲಿ ತೇಲುತ್ತಿದ್ದ ಜನರ ಕೆಳಗೆ.

ಪೆಟಾರ್ಡ್ ಡೆಪ್ತ್ ಚಾರ್ಜ್ ಹಾಕಿತು.

ಸಂಪಿಗೆ

ನಮ್ಮವರೇ ನೀರಲ್ಲಿರುವಾಗಲೇ?

ಹಳೇಹಡಗು

ಹೌದಮ್ಮ. ನೀರಲ್ಲಿ ಸ್ಫೋಟ ಅಂದರೆ ಏನು ಅಂತ ಹೇಳಲೇಬೇಕು, ಇಲ್ಲವಾದರೆ ಆ ನಿರ್ಧಾರದ ತೂಕ ತಿಳಿಯುವುದಿಲ್ಲ. ಗಾಳಿಯಲ್ಲಿ ಸ್ಫೋಟದ ಹೊಡೆತ ಬೇಗ ಕಡಿಮೆ ಆಗುತ್ತದೆ. ನೀರು ಕುಗ್ಗುವುದಿಲ್ಲ, ಹಾಗಾಗಿ ಹೊಡೆತ ನೇರ ಮೈಗೆ ಬರುತ್ತದೆ. ಹೊರಗೆ ಗಾಯ ಕಾಣದೆ ಶ್ವಾಸಕೋಶ, ಕರುಳು ಹರಿಯುತ್ತವೆ. ಪೆಟಾರ್ಡ್‌ನ ನಾವಿಕರಿಗೆ ಇದು ಗೊತ್ತಿತ್ತು. ನೀರಲ್ಲಿದ್ದವರ ಮುಖ ಕಾಣುವಷ್ಟು ಹತ್ತಿರ ಇದ್ದರು. ಹಡಗಿನ ಹಿಂಭಾಗದಲ್ಲಿ ನಿಂತು ಆ ಚಾರ್ಜ್ ಉರುಳಿಸಿದ ಹುಡುಗರನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಕರಾವಳಿಕಣ್ಣು

ನಾನು ನೇರವಾಗಿ ಹೇಳುತ್ತೇನೆ. ಇದು ತಪ್ಪು. ಮೊದಲು ಜನರನ್ನು ಎತ್ತಬೇಕಿತ್ತು. ಸಬ್‌ಮರೀನ್ ಎಲ್ಲಿಗೆ ಓಡಿಹೋಗುತ್ತಿತ್ತು? ಸತ್ತವರಲ್ಲಿ ಹೆಚ್ಚಿನವರು ಕೀನ್ಯಾ, ಉಗಾಂಡ ಕಡೆಯ ಆಫ್ರಿಕನ್ ಸೈನಿಕರು. ಅವರದಲ್ಲದ ಯುದ್ಧಕ್ಕೆ, ಕಾಣದ ದೇಶಕ್ಕೆ ಹೊರಟವರು. ಅವರ ಹೆಸರುಗಳನ್ನು ಎಷ್ಟು ಜನ ನೆನೆಯುತ್ತಾರೆ?

ಹಳೇಹಡಗು

ಕೊನೆಯ ಮಾತು ನೂರಕ್ಕೆ ನೂರು ನಿಜ. ಮೊದಲನೆಯದನ್ನು ಒಪ್ಪಲಾರೆ. ಪಲಾಡಿನ್ ನಿಂತ ಹಡಗು, ದೋಣಿಗಳು ನೀರಲ್ಲಿ. ಸಬ್‌ಮರೀನ್‌ಗೆ ನಿಂತ ಡಿಸ್ಟ್ರಾಯರ್‌ಗಿಂತ ಸುಲಭದ ಗುರಿ ಇಲ್ಲ. ಸ್ವಲ್ಪ ದೂರದಲ್ಲೇ ಇನ್ನೂ ನಾಲ್ಕು ಹಡಗು ತುಂಬ ಜನ. ಐ-27 ತಪ್ಪಿಸಿಕೊಂಡಿದ್ದರೆ ಅವರ ಹಿಂದೆ ಹೋಗುತ್ತಿತ್ತು. ಇದೇ ಸಬ್‌ಮರೀನ್ ಆ ಹೊತ್ತಿಗೆ ನಮ್ಮ ಸಾಗರದಲ್ಲಿ ಎಷ್ಟೋ ಸರಕು ಹಡಗು ಮುಳುಗಿಸಿತ್ತು. 1942ರಲ್ಲಿ ಸಿಡ್ನಿ ಬಂದರಿನ ದಾಳಿಗೆ ಪುಟ್ಟ ಸಬ್‌ಮರೀನ್ ಹೊತ್ತು ಹೋದದ್ದರಲ್ಲೂ ಇದೊಂದು. ಈಗನ್ ಮುಂದೆ ಒಳ್ಳೆಯ ದಾರಿ ಇರಲಿಲ್ಲ. ಎರಡು ಕೆಟ್ಟ ದಾರಿಗಳಿದ್ದವು.

ಕರಾವಳಿಕಣ್ಣು

ಲೆಕ್ಕ ಅರ್ಥ ಆಗುತ್ತದೆ ಅಣ್ಣ. ಆದರೆ ಮುಳುಗುತ್ತಿದ್ದವರು ಆ ಲೆಕ್ಕದಲ್ಲಿ ತಮ್ಮ ಜಾಗ ಆರಿಸಿಕೊಂಡಿರಲಿಲ್ಲ. ಅಷ್ಟು ಹೇಳುವುದನ್ನು ನಾನು ಬಿಡುವುದಿಲ್ಲ.

ಹಳೇನಕ್ಷೆ

ಇಬ್ಬರ ಮಾತೂ ಇಲ್ಲಿ ಇರಲಿ. ನನ್ನ ಅಭಿಪ್ರಾಯ ಕೇಳಿದರೆ, ಈಗನ್ ಬೇರೆ ಮಾಡಲು ಆಗುತ್ತಿರಲಿಲ್ಲ ಅನ್ನಿಸುತ್ತದೆ. ಆದರೆ ಯು-559 ಕಥೆಯನ್ನು ಹೆಮ್ಮೆಯಿಂದ ಹೇಳುವವರು ಖೆಡಿವ್ ಇಸ್ಮಾಯಿಲ್ ಕಥೆಯನ್ನು ಬಿಟ್ಟುಬಿಡುವುದು ಸರಿಯಲ್ಲ. ಎರಡೂ ಒಂದೇ ಹಡಗಿನವು, ನಡುವೆ ಕಳೆದದ್ದು ಹದಿನೈದು ತಿಂಗಳು ಚಿಲ್ಲರೆ ಅಷ್ಟೇ.

ಮುಂದೆ ಏನಾಯ್ತು ಅಂದರೆ, ಐ-27 ಏಟು ತಿಂದು ಮೇಲೆ ಬಂತು. ಇಲ್ಲಿ ಆ 4 ಇಂಚಿನ ಫಿರಂಗಿ ನೆನಪು ಮಾಡಿಕೊಳ್ಳಿ. ಗುಂಡುಗಳು ತಾಗಿದರೂ ಆ ದೊಡ್ಡ ಸಬ್‌ಮರೀನ್‌ನ ಗಟ್ಟಿ ಒಡಲು ಒಡೆಯಲಿಲ್ಲ. ಪಲಾಡಿನ್ ಡಿಕ್ಕಿ ಹೊಡೆಯಲು ನುಗ್ಗಿತು. ಬೇಡ ಅಂತ ಈಗನ್ ಸಂದೇಶ ಕಳಿಸಿದರು. ಪಲಾಡಿನ್ ತಿರುಗುವಾಗ ಐ-27ರ ಪಕ್ಕದ ರೆಕ್ಕೆ ಅದರ ಒಡಲನ್ನು ಸೀಳಿತು. ಕೊನೆಗೆ ಪೆಟಾರ್ಡ್ ಟಾರ್ಪೆಡೊ ಹೊಡೆಯಬೇಕಾಯಿತು. ಒಂದೊಂದಾಗಿ ಆರು ತಪ್ಪಿದವು. ಏಳನೆಯದು ತಾಗಿತು. ಸಂಜೆ ಆರರ ಹತ್ತಿರ ಐ-27 ಮುಳುಗಿತು. ಅದರಿಂದ ಬದುಕಿದ್ದು ಒಬ್ಬನೇ. ಗಾಯಗೊಂಡ ಪಲಾಡಿನ್ ಅನ್ನು ಪೆಟಾರ್ಡ್ ಎಳೆದುಕೊಂಡು ಮಾಲ್ಡೀವ್ಸ್‌ನ ಅಡ್ಡು ಅಟಾಲ್ ತಲುಪಿತು.

ಲೆಕ್ಕದಮೇಷ್ಟ್ರು

ಅಷ್ಟು ಹತ್ತಿರದಿಂದ ಆರು ಟಾರ್ಪೆಡೊ ಹೇಗೆ ತಪ್ಪುತ್ತದೆ?

ಹಳೇಹಡಗು

ಸಬ್‌ಮರೀನ್ ಸುತ್ತುತ್ತಾ ಓಡುತ್ತಿತ್ತು ಮೇಷ್ಟ್ರೇ. ಟಾರ್ಪೆಡೊ ನೇರ ಹೋಗುತ್ತದೆ, ಗುರಿ ತಿರುಗುತ್ತದೆ. ಅದರ ಮೇಲೆ ಮೇಲೆದ್ದ ಸಬ್‌ಮರೀನ್ ನೀರಿನಲ್ಲಿ ಹೆಚ್ಚು ಆಳ ಇರುವುದಿಲ್ಲ. ಟಾರ್ಪೆಡೊ ಸ್ವಲ್ಪ ಕೆಳಗೆ ಓಡಿದರೂ ಅಡಿಯಿಂದ ದಾಟಿ ಹೋಗುತ್ತದೆ.

ಹೊಸಬ

ನಾನು ಇಲ್ಲಿಗೆ ಹೊಸಬ. ಯುದ್ಧ ಮುಗಿದ ಮೇಲೆ ಪೆಟಾರ್ಡ್ ಏನಾಯ್ತು? ಇಂಥ ಹಡಗು ಯಾವುದಾದರೂ ನಮ್ಮ ನೌಕಾಪಡೆಗೆ ಬಂದಿದೆಯಾ?

ಹಳೇನಕ್ಷೆ

ಬನ್ನಿ, ಸ್ವಾಗತ. ಪೆಟಾರ್ಡ್ ಅನ್ನು 1950ರ ದಶಕದಲ್ಲಿ ಟೈಪ್ 16 ಫ್ರಿಗೇಟ್ ಆಗಿ ಬದಲಿಸಿದರು, ಸಬ್‌ಮರೀನ್ ಬೇಟೆಗಾಗಿಯೇ. 1967ರಲ್ಲಿ ಸ್ಕಾಟ್ಲೆಂಡಿನ ಬೋನೆಸ್‌ನಲ್ಲಿ ಒಡೆದು ಗುಜರಿಗೆ ಹಾಕಿದರು. ಆಗ ಅದರ ಕೆಲಸ ಇನ್ನೂ ಗುಟ್ಟಾಗಿಯೇ ಇತ್ತು. ಗೊತ್ತಿದ್ದರೆ ಬೆಲ್‌ಫಾಸ್ಟ್ ತರಹ ಮ್ಯೂಸಿಯಂ ಮಾಡಿ ಉಳಿಸುತ್ತಿದ್ದರೇನೋ ಅಂತ ನನಗೆ ಅನ್ನಿಸುತ್ತದೆ.

ನಮ್ಮ ನೌಕಾಪಡೆಗೆ ಬಂದದ್ದು ಆರ್-ಕ್ಲಾಸ್‌ನ ಮೂರು ಡಿಸ್ಟ್ರಾಯರ್‌ಗಳು, 1949ರಲ್ಲಿ. ರೋದರ್‌ಹ್ಯಾಮ್ ನಮ್ಮಲ್ಲಿ ಐಎನ್‌ಎಸ್ ರಜಪೂತ್ ಆಯಿತು, ರೈಡರ್ ರಾಣಾ ಆಯಿತು, ರೆಡೌಟ್ ರಣಜಿತ್ ಆಯಿತು. ಪಾಕಿಸ್ತಾನಕ್ಕೆ ಹೋದದ್ದು ಪೆಟಾರ್ಡ್‌ಗೆ ತೀರಾ ಹತ್ತಿರದ ಓ-ಕ್ಲಾಸ್‌ನ ಮೂರು. 1971ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ಘಾಜಿ ಸಬ್‌ಮರೀನ್ ಮುಳುಗಿದಾಗ ಅಲ್ಲಿ ಡೆಪ್ತ್ ಚಾರ್ಜ್ ಹಾಕಿದ್ದು ಇದೇ ರಜಪೂತ್. ಘಾಜಿ ಮುಳುಗಿದ ಕಾರಣದ ಬಗ್ಗೆ ಎರಡೂ ದೇಶಗಳ ಮಾತು ಬೇರೆ ಬೇರೆ. ಅದಕ್ಕೆ ಬೇರೆ ಎಳೆ ಬೇಕು. ಹಳೇಹಡಗು ಅಣ್ಣ ಶುರು ಮಾಡಿದರೆ ನಾನು ರಜಪೂತ್‌ನ ಬ್ರಿಟಿಷ್ ಕಾಲದ ಭಾಗ ಬರೆಯುತ್ತೇನೆ.

ಹಳೇಹಡಗು

ಆಗಲಿ. ಭಾನುವಾರ ಕೂತು ಬರೆಯುತ್ತೇನೆ. ಕರಾವಳಿಕಣ್ಣು, ನೀನು ಪೂರ್ವ ಆಫ್ರಿಕಾದ ಸೈನಿಕರ ಬಗ್ಗೆ ಒಂದು ಎಳೆ ಶುರು ಮಾಡು ತಮ್ಮ. ಬರ್ಮಾದಲ್ಲಿ ಅವರು ಮಾಡಿದ ಕೆಲಸದ ಬಗ್ಗೆ ಕನ್ನಡದಲ್ಲಿ ಓದಲು ಏನೂ ಸಿಗುವುದಿಲ್ಲ.

ಕರಾವಳಿಕಣ್ಣು

ಖಂಡಿತ ಅಣ್ಣ. 301ನೇ ರೆಜಿಮೆಂಟಿನಿಂದಲೇ ಶುರು ಮಾಡುತ್ತೇನೆ.